ಕೋಟು ಪದ, ಲುಂಗಿ ಪದ

ನಮ್ಮೂರಿಗೆ ನಕ್ಷೆ ಇಲ್ಲ. ಒಮ್ಮೆ ಸರ್ವೆಯವನೊಬ್ಬ ಬಂದು, ಲಾಡ್ಜಿನಲ್ಲಿ ಉಳಿದು, ಬಿಸಿಲಿನಲ್ಲಿ ಸರಪಳಿ ಎಳೆದಾಡಿಕೊಂಡು ಬೀದಿಗಳನ್ನೆಲ್ಲ ಕಾಗದದ ಮೇಲೆ ಇಳಿಸಿದ. ಹೊರಡುವ ದಿನ ಲಾಡ್ಜಿನ ಊಟ ಅವನಿಗೆ ಹಿಡಿಸಲಿಲ್ಲ. ಪಾಪ, ಹೊರಗಿನವನು. ಬೀದಿಯಲ್ಲಿ ನಿಂತುಕೊಂಡು ಬಾಗಿಲಲ್ಲಿದ್ದ ಮ್ಯಾನೇಜರನಿಗೆ 'ಐ ಆಮ್ ಹೈಲಿ ಡಿಸ್‌ಸ್ಯಾಟಿಸ್‌ಫೈಡ್' ಅಂದುಬಿಟ್ಟ. ಅವನು ನೋಡುತ್ತಿದ್ದ ಹಾಗೆಯೇ ಲಾಡ್ಜು ಅವನ ಪೆಟ್ಟಿಗೆ ಸಮೇತ ಹಿಂದೆ ಸರಿದು, ಸರಿದು, ಹುಣಸೆ ತೋಪು ದಾಟಿ ಹೋಗಿ ನಿಂತಿತು. ಅವನು ಪೆಟ್ಟಿಗೆ ತರಲು ಆ ಕಡೆ ನಡೆದುಕೊಂಡು ಹೋದವನು ಮತ್ತೆ ಈ ಕಡೆ ಬರಲಿಲ್ಲ. ನಕ್ಷೆ ಖಾದರನ ಚಹಾ ಅಂಗಡಿಯಲ್ಲಿ ಬಹಳ ದಿನ ಬೋಂಡದ ತಟ್ಟೆಯ ಕೆಳಗಿತ್ತು.

ಇಂಗ್ಲಿಷಿಗೇ ಯಾಕೆ ಮನೆ ಸರಿಯಬೇಕು ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಮಳೆ ಯಾಕೆ ಮೇಲಿಂದ ಬೀಳುತ್ತದೆ ಎಂದು ನಾನು ಕೇಳಿದ್ದೇನೆಯೇ? ಯಾರ ಮೇಲೆ ನಮಗೆ ಅಸಮಾಧಾನವೋ ಅವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅವರ ಮನೆ ಜಾಗ ಬಿಟ್ಟು ಅಲುಗುತ್ತದೆ, ಅಷ್ಟೇ. ಆಫೀಸಿನವರು ಬಳಸುವಂಥ ಗಂಭೀರ ಪದ ಹಾಕಿದರೆ ಮನೆ ದೂರ ಹೋಗುತ್ತದೆ. ಗೆಳೆಯರು ತಮ್ಮತಮ್ಮಲ್ಲಿ ಆಡುವಂಥ ಸಲಿಗೆಯ ಪದ ಹಾಕಿದರೆ ಹತ್ತಿರ ಬರುತ್ತದೆ. ಮೊದಲನೆಯದಕ್ಕೆ ನಾವು ಕೋಟು ಪದ ಅನ್ನುತ್ತೇವೆ, ಎರಡನೆಯದಕ್ಕೆ ಲುಂಗಿ ಪದ. ಡಿಸ್‌ಸ್ಯಾಟಿಸ್‌ಫೈಡ್, ಡಿಸ್‌ಪ್ಲೀಸ್ಡ್, ರಿಗ್ರೆಟ್ ಇವೆಲ್ಲ ಕೋಟು. ಫೆಡ್ ಅಪ್, ಸಿಕ್ ಆಫ್ ಯು ಇವೆಲ್ಲ ಲುಂಗಿ. ಪುರಸಭೆಯ ಆಫೀಸಿಗೆ ಜನ ವರ್ಷಗಟ್ಟಲೆ ಕೋಟು ಪದಗಳನ್ನೇ ಹೇಳಿ ಹೇಳಿ ಅದೀಗ ಇಟ್ಟಿಗೆ ಗೂಡಿನಿಂದಲೂ ಆಚೆ ಇದೆ. ಅಲ್ಲಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಖಾದರನ ಚಹಾಕ್ಕೆ ಮಾತ್ರ ಎಲ್ಲರೂ ಬಯ್ಯುವುದು ಲುಂಗಿ ಪದದಲ್ಲೇ. ಹಾಗಾಗಿ ಅವನ ಅಂಗಡಿ ಊರಿನ ನಟ್ಟನಡುವೆ, ನಾಲ್ಕೂ ಕಡೆಯ ಮನೆಗಳ ನಡುವೆ ಸಿಕ್ಕಿಕೊಂಡಿದೆ. ಒಳಗೆ ಹೋಗಬೇಕಾದರೆ ಮೈ ಓರೆ ಮಾಡಬೇಕು. ನಮ್ಮ ನಲ್ಲಿಗಳಿಗೆಲ್ಲ ಉದ್ದುದ್ದ ರಬ್ಬರ್ ಪೈಪು. ಪೋಸ್ಟ್‌ಮ್ಯಾನ್ ಬೆಳಿಗ್ಗೆ ಸೈಕಲ್ ಹತ್ತುವ ಮೊದಲು 'ನಿನ್ನೆ ಯಾರು ಯಾರಿಗೆ ಬಯ್ದರು?' ಎಂದು ಕೇಳಿಕೊಂಡು ಹೊರಡುತ್ತಾನೆ.

ಕನ್ನಡದಲ್ಲಾದರೆ ಎಷ್ಟು ಬೇಕಾದರೂ ಗೊಣಗಬಹುದು, ಒಂದು ಹೆಂಚೂ ಕದಲುವುದಿಲ್ಲ. ಅದಕ್ಕೇ ನಮ್ಮಲ್ಲಿ ಕನ್ನಡದ ಗೊಣಗಾಟವೆಂದರೆ ಕುಶಲ ವಿಚಾರಿಸಿದಂತೆ. 'ನಿಮ್ಮ ನಾಯಿ ದೆಸೆಯಿಂದ ನಿದ್ದೆಯಿಲ್ಲ ಕಣ್ರೀ' ಎಂದು ಯಾರಾದರೂ ಅಂದರೆ, ಇವರು ಆರೋಗ್ಯವಾಗಿದ್ದಾರೆ, ನಮ್ಮ ಮೇಲೆ ವಿಶ್ವಾಸವಿದೆ ಎಂದು ಅರ್ಥ. ಯಾರಾದರೂ ಗೊಣಗದೆ ಸುಮ್ಮನೆ ಮುಗುಳ್ನಕ್ಕು 'ಎಲ್ಲಾ ಚೆನ್ನಾಗಿದೆ' ಅಂದರೆ ಎದೆ ಧಸಕ್ಕೆನ್ನುತ್ತದೆ. ಕೋಟು ಪದ ಹೇಳಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡವರು ಅದಕ್ಕೆ ಮೊದಲು ಕೆಲವು ದಿನ ವಿಪರೀತ ನಯವಾಗುವುದನ್ನು ಊರು ನೋಡಿದೆ.

ಇನ್ನು ನನ್ನ ವಿಷಯ. ನಾನು ಇಂದುಮತಿ, ಉಪ್ಪಿನಕಾಯಿ ಹಾಕುವವಳು. ನನ್ನ ನಿಂಬೆಕಾಯಿ ಉಪ್ಪಿನಕಾಯಿ ತಿನ್ನದೆ ಈ ಊರಲ್ಲಿ ಯಾರೂ ಜ್ವರದಿಂದ ಎದ್ದಿಲ್ಲ. ಸುಭದ್ರಕ್ಕ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮಿಬ್ಬರ ಮನೆಗಳೂ ಬೆನ್ನಿಗೆ ಬೆನ್ನು. ನನ್ನ ಬಾಗಿಲು ಈ ಬೀದಿಗೆ, ಅವರದು ಆಚೆ ಬೀದಿಗೆ. ಅಡುಗೆಮನೆಯ ಕಿಟಕಿಗಳು ಮಾತ್ರ ಎದುರುಬದುರು. ಮೊದಲು ಗೋಡೆಗೆ ಗೋಡೆ ತಾಗಿಕೊಂಡೇ ಇದ್ದವಂತೆ. ಅಣ್ಣತಮ್ಮಂದಿರು ಯಾವುದಕ್ಕೋ ಕಿತ್ತಾಡಿ, ನಮ್ಮವರು ಅಣ್ಣನಿಗೆ ಒಂದು ಚಿಕ್ಕ ಕೋಟು ಪದ ಹೇಳಿ, ನಡುವೆ ಒಂದು ಸಂದು ಮಾಡಿಟ್ಟರು. ಗಂಡಸರು ಏನೋ ಮಹಾ ಸಾಧಿಸಿದೆವೆಂದು ಮೀಸೆ ತಿರುವಿಕೊಂಡರು. ನಾವಿಬ್ಬರೂ ಹೊಸದಾಗಿ ಕಿಟಕಿ ತೆಗೆಸಿ, ಆ ಕಿಟಕಿಯಿಂದ ಈ ಕಿಟಕಿಗೆ ಒಂದು ಹಲಗೆ ಹಾಕಿಸಿದೆವು. ಗಂಡಸರದೆಲ್ಲ ಊಟವಾದ ಮೇಲೆ ಹಲಗೆಯ ಮೇಲೆ ಒಂದೇ ಬೋಗುಣಿ ಇಟ್ಟು, ಅಕ್ಕ ಆಚೆ ಕೂತು, ನಾನು ಈಚೆ ಕೂತು, ಅದಕ್ಕೇ ಕೈ ಹಾಕಿ ಉಣ್ಣುತ್ತಿದ್ದೆವು. ಇಬ್ಬರ ಗಂಡಂದಿರ ಮೇಲಿನ ದೂರುಗಳೆಲ್ಲ ಕನ್ನಡದಲ್ಲಿ ಆ ಹಲಗೆಯ ಮೇಲೆ ಖಾಲಿಯಾಗುತ್ತಿದ್ದವು.

ಭಾವನವರು ಮೊದಲು ಹೋದರು. ಎರಡು ವರ್ಷದ ಹಿಂದೆ ನಮ್ಮವರೂ ಹೋದರು. ಕರ್ಮದ ದಿನ ನಾನು ತಲೆ ತಿರುಗಿ ಬಿದ್ದೆ. ಡಾಕ್ಟರು ಬಂದು ಕೈಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಅಂದರು. ಅವರು ಹೇಳಿದ್ದು ಕಡಿಮೆ ಮಾಡಿ ಅಂತ. ಸುಭದ್ರಕ್ಕ ಕೇಳಿಸಿಕೊಂಡದ್ದು ನನ್ನನ್ನು ತಮಗೆ ವಹಿಸಿಕೊಟ್ಟಂತೆ. ಅಂದೇ ನಾನು ಉಪ್ಪು ತುಂಬಿಡುವ ಮರಿಗೆ ಅವರ ಮನೆ ಸೇರಿತು, ಭರಣಿಗಳು ಅವರ ಅಟ್ಟ ಹತ್ತಿದವು. 'ಒಬ್ಬಳಿಗೆ ಒಲೆ ಯಾಕೆ ಹಚ್ಚೋದು' ಎಂದು ಅಡುಗೆಯನ್ನೂ ಕಿತ್ತುಕೊಂಡರು. 'ನೀನು ಕುರ್ಚಿ ಮೇಲೆ ನೆಮ್ಮದಿಯಾಗಿ ಕೂತು ಉಣ್ಣಬೇಕು' ಎಂದು ಹಲಗೆಯನ್ನೂ ತೆಗೆಸಿದರು. ಅಂದಿನಿಂದ ಮಧ್ಯಾಹ್ನ ಅವರು ಕಿಟಕಿಯಿಂದ ಕೈ ಚಾಚುತ್ತಾರೆ, ನಾನು ಈ ಕಿಟಕಿಯಿಂದ ಕೈ ಚಾಚುತ್ತೇನೆ, ಸಂದಿನ ಮಧ್ಯೆ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ನಾನು ಉಂಡು ಮುಗಿಸುವ ತನಕ ಅವರು ಅಲ್ಲೇ ನಿಂತು ನೋಡುತ್ತಾರೆ. ಆಮೇಲೆ ಒಳಗೆ ಹೋಗಿ ತಾವು ಉಣ್ಣುತ್ತಾರೆ. ಅದು ನನಗೆ ಕಾಣುವುದಿಲ್ಲ.

ತಟ್ಟೆಯಲ್ಲಿ ಒಂದು ಕಾಳು ಉಪ್ಪು ಇರುವುದಿಲ್ಲ. ಸಾರಿಗಿಲ್ಲ, ಪಲ್ಯಕ್ಕಿಲ್ಲ, ಮಜ್ಜಿಗೆಗೂ ಇಲ್ಲ. ಉಪ್ಪಿನಕಾಯಿ ಹಾಕುವವಳ ಬಾಯಿಗೆ ಎರಡು ವರ್ಷ ಇದನ್ನು ಹಾಕಿದರೆ ಹೇಗಿರಬೇಡ!

'ಅಕ್ಕಾ, ಸಾರಿಗೆ ಉಪ್ಪಿಲ್ಲ' ಎಂದು ದಿನಾ ಹೇಳುತ್ತಿದ್ದೆ.

'ಅದೇ ಬೇಕಿದ್ದು ನಂಗೆ. ಬಯ್ಯೋಕೆ ಶಕ್ತಿ ಬಂತು ನೋಡು, ಚೆನ್ನಾಗಿದ್ದೀಯ.'

'ಇದನ್ನ ದನಾನೂ ಮೂಸಲ್ಲ ಅಕ್ಕಾ.'

'ಇವತ್ತಂತೂ ಇನ್ನೂ ಚೆನ್ನಾಗಿದ್ದೀಯ' ಎಂದು ಅವರು ಕಿಟಕಿಗೆ ಒರಗಿಕೊಂಡು ಸಂತೋಷದಿಂದ ನಗುತ್ತಿದ್ದರು.

ತಪ್ಪು ಅವರದಲ್ಲ. ಕನ್ನಡದಲ್ಲಿ ಹೇಳಿದ್ದನ್ನು ನಮ್ಮೂರಲ್ಲಿ ಯಾರು ತಾನೆ ನಿಜವೆಂದು ತಿಳಿಯುತ್ತಾರೆ? ನಿಜವಾಗಿ ಹೇಳಬೇಕೆಂದರೆ ಇಂಗ್ಲಿಷಿಗೇ ಹೋಗಬೇಕು. ಆದರೆ ಯಾವ ಪದ ಹಾಕಲಿ? ಕೋಟು ಹಾಕಿದರೆ ಅಕ್ಕನ ಮನೆ ಕೈಗೆ ಎಟುಕದಷ್ಟು ದೂರ ಹೋಗುತ್ತದೆ. ಮೊಣಕಾಲು ನೋವಿನ ಹೆಂಗಸು, ಅಲ್ಲಿ ಒಬ್ಬಳೇ ಏನು ಮಾಡುತ್ತಾರೆ? ನಾನಾದರೂ ಇಲ್ಲಿ ಒಬ್ಬಳೇ ಏನು ಮಾಡಲಿ? ಲುಂಗಿ ಹಾಕಿದರೆ ಮನೆ ನುಗ್ಗಿ ಬಂದು ಗೋಡೆಗೆ ಗೋಡೆ ಸೇರಿ ಕಿಟಕಿ ಮುಚ್ಚಿಹೋಗುತ್ತದೆ. ಬಾಯಿಗೆ ಉಪ್ಪು ಬೇಕು, ಕಿಟಕಿಯೂ ಉಳಿಯಬೇಕು. ಯೋಚಿಸಿ ಯೋಚಿಸಿ ತಲೆ ಗೊಂದಲದ ಗೂಡಾಯಿತು. ಕೊನೆಗೆ ರೆಬೆಕ್ಕ ಟೀಚರ ಮನೆಗೆ ಹೋದೆ.

ರೆಬೆಕ್ಕ ಟೀಚರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು. ಈಗ ಊರವರಿಗೆ ಯಾವ ಅಸಮಾಧಾನಕ್ಕೆ ಯಾವ ಪದವೆಂದು ಆರಿಸಿಕೊಡುತ್ತಾರೆ. ಅವರ ಮನೆಗೆ ಹಿಂದಿನ ಅಡುಗೆಮನೆಯಿಂದಲೇ ಹೋಗಬೇಕು, ಯಾಕೆಂದರೆ ಮನೆ ಪೂರಾ ಹಿಂದುಮುಂದಾಗಿ ನಿಂತಿದೆ. ಅವರು ಒಲೆಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಎದುರು ಕೂತು ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದೆ.

'ಯಾರ ಮೇಲೆ?' ಅಂದರು.

'ನಮ್ಮ ಅಕ್ಕನ ಮೇಲೆ, ಟೀಚರ್. ಉಪ್ಪಿನ ವಿಷಯ.'

'ಅವರು ದೂರ ಹೋಗಬೇಕೋ, ಹತ್ತಿರ ಬರಬೇಕೋ?'

'ಎರಡೂ ಬೇಡ. ಈಗ ಎಲ್ಲಿದ್ದಾರೋ ಅಲ್ಲೇ ಇರ್ಲಿ. ಸಾರಿಗೆ ಉಪ್ಪು ಬಿದ್ರೆ ಸಾಕು.'

'ಅಂಥ ಪದ ಇದ್ದಿದ್ರೆ ನಾನು ಯಾಕೆ ಅಡುಗೆಮನೆ ಕಡೆಯಿಂದ ಮನೆಗೆ ಬರ್ತಿದ್ದೆ ಇಂದುಮತಿ?' ಎಂದು ಟೀಚರು ನಿಟ್ಟುಸಿರು ಬಿಟ್ಟರು.

'ಡಿಸ್‌ಸ್ಯಾಟಿಸ್‌ಫೈಡ್ ಅಂದ್ರೆ?'

'ಅದು ಟೈ ಸಮೇತ ಕೋಟು. ಅವರ ಮನೆ ಇಟ್ಟಿಗೆ ಗೂಡಿನ ಹತ್ರ ಹೋಗಿ ಬೀಳುತ್ತೆ.'

'ಎ ಲಿಟಲ್ ಡಿಸ್‌ಸ್ಯಾಟಿಸ್‌ಫೈಡ್?'

'ಕೋಟು ಚಿಕ್ಕದಾದ್ರೂ ಕೋಟೇ ಅಲ್ವಾ?'

'ಫೆಡ್ ಅಪ್?'

'ಲುಂಗಿ. ಅದನ್ನ ಹೇಳಿದ್ರೆ ಮನೆ ನೆಟ್ಟಗೆ ಬರೋದೂ ಇಲ್ಲ. ಅಡ್ಡಾದಿಡ್ಡಿ ಬಂದು ಡಿಕ್ಕಿ ಹೊಡೆಯುತ್ತೆ.'

'ಅನ್‌ಹ್ಯಾಪಿ?'

'ಅದನ್ನೇ ನಾನು ನಮ್ಮ ಯಜಮಾನರಿಗೆ ಹೇಳಿದ್ದು. ಅತ್ತ ಕೋಟೂ ಅಲ್ಲ, ಇತ್ತ ಲುಂಗಿಯೂ ಅಲ್ಲ. ಮನೆಗೆ ಏನು ಮಾಡಬೇಕು ಅಂತ ತಿಳೀದೆ ಗರಗರ ತಿರುಗಿಬಿಡ್ತು.'

ನನಗೆ ನಗು ಬಂತು. ಟೀಚರು ನಗಲಿಲ್ಲ. ನಾನು ಮೆಲ್ಲಗೆ, 'ಡಿಸಪಾಯಿಂಟೆಡ್?' ಎಂದು ಕೇಳಿದೆ.

ಅವರ ಕೈ ಅವರೆಕಾಯಿಯ ಮೇಲೆ ನಿಂತಿತು. 'ಅದು ನಂಗೂ ಗೊತ್ತಿಲ್ಲ ಕಣಮ್ಮ. ಆಫೀಸರ್ ಗುಮಾಸ್ತನಿಗೂ ಹೇಳ್ತಾನೆ, ತಾಯಿ ಮಗನಿಗೂ ಹೇಳ್ತಾಳೆ. ಕೋಟೋ ಲುಂಗಿಯೋ ನಾನು ತೀರ್ಮಾನ ಮಾಡಕ್ಕಾಗ್ದೆ ಇದುವರೆಗೂ ಯಾರಿಗೂ ಅದನ್ನ ಕೊಟ್ಟಿಲ್ಲ. ಇನ್ನೊಂದು ಮಾತು. ಸುಳ್ಳು ಅಸಮಾಧಾನಕ್ಕೆ ಯಾವ ಮನೆಯೂ ಅಲ್ಲಾಡಲ್ಲ. ನಿಂಗೆ ಅಸಮಾಧಾನ ಇರೋದು ಉಪ್ಪಿನ ಮೇಲೇನಾ?'

'ಮತ್ತೆ ಇನ್ಯಾತರ ಮೇಲೆ?' ಎಂದು ನಾನು ಸಿಡುಕಿದೆ.

ಹೋಗುವಾಗ ಇದ್ದದ್ದು ಒಂದು ಪಾಲು ಗೊಂದಲ. ಬರುವಾಗ ಅದು ಎರಡು ಪಾಲಾಗಿತ್ತು. ದಾರಿಯುದ್ದಕ್ಕೂ ಕೋಟು, ಲುಂಗಿ, ಕೋಟು, ಲುಂಗಿ ಎಂದುಕೊಂಡು ಮನೆಗೆ ಬಂದು ಕಿಟಕಿಯಲ್ಲಿ ಕೈ ಚಾಚಿದೆ. ತಟ್ಟೆ ಬಂತು. ಏನು ಉಂಡೆನೋ ನನಗೇ ತಿಳಿಯದು. ರಿಗ್ರೆಟ್ ಎನ್ನುವುದು ಸ್ವಲ್ಪ ಮೆತ್ತಗಿನ ಕೋಟಿರಬಹುದೇ ಎಂದು ಲೆಕ್ಕ ಹಾಕುತ್ತ ಉಂಡು ಮುಗಿಸಿ, ಖಾಲಿ ತಟ್ಟೆ ಹಿಂದಕ್ಕೆ ಕೊಟ್ಟೆ.

'ಸಾರು ಹೆಂಗಿತ್ತೇ?' ಎಂದು ಅಕ್ಕ ಎಂದಿನಂತೆ ಕೇಳಿದರು.

'ಚೆನ್ನಾಗಿತ್ತು ಅಕ್ಕಾ' ಅಂದೆ.

ಬಾಯಿ ತಪ್ಪಿ ಬಂದ ಮಾತು. ತಲೆ ಬೇರೆಲ್ಲೋ ಇತ್ತು. ಸುಭದ್ರಕ್ಕ ತಟ್ಟೆ ಹಿಡಿದ ಕೈಯನ್ನು ಒಳಗೆ ಎಳೆದುಕೊಳ್ಳುವುದನ್ನೂ ಮರೆತು ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋದರು. ಅವರಿಗೇನೋ ಮೊಣಕಾಲು ನೋವು ಜಾಸ್ತಿಯಾಗಿರಬೇಕು ಎಂದುಕೊಂಡೆ.

ಮಾರನೆಯ ದಿನ ತಟ್ಟೆಯಲ್ಲಿ ಹೋಳಿಗೆ ಇತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾಕೆ ಹೋಳಿಗೆ? ನಾನು ಇನ್ನೂ ಪದಗಳ ಯೋಚನೆಯಲ್ಲೇ ಇದ್ದೆ. ಈ ಹೋಳಿಗೆಗೆ ಹೇಗೂ ಉಪ್ಪು ಬೇಕಿರಲಿಲ್ಲ, ದೂರಲು ಏನೂ ಸಿಗಲಿಲ್ಲ. 'ತುಂಬಾ ಚೆನ್ನಾಗಿದೆ. ನಿಮಗೆ ಯಾಕೆ ತೊಂದರೆ ಅಕ್ಕಾ' ಅಂದೆ. ಅಷ್ಟು ಸಾಕಾಯಿತು.

'ನೀನು ನಿನ್ನೆ ರೆಬೆಕ್ಕ ಟೀಚರ್ ಮನೇಲಿ ಕೂತಿದ್ಯಂತೆ. ಹಾಲಿನವಳು ನೋಡಿದ್ಳಂತೆ' ಅಂದರು.

'ಹೂಂ, ಅವರೆಕಾಯಿ ಸುಲೀತಿದ್ದೆ.'

'ಅವರೆಕಾಯಿ! ಎರಡು ದಿನದಿಂದ ಹೆಂಗೆ ಮಾತಾಡ್ತಿದ್ದೀಯ ನೀನು? ಚೆನ್ನಾಗಿತ್ತು, ತೊಂದರೆ ತಗೋಬೇಡಿ! ನಾನೇನು ಮಗೂನಾ? ನಂಗೆ ಕೋಟು ಹೊಲಿಸ್ತಿದ್ದೀಯ, ಅಲ್ವಾ?'

'ಅಯ್ಯೋ, ಇಲ್ಲ ಅಕ್ಕಾ...' ಎಂದೆ. ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲವಲ್ಲ. ನನ್ನ ನಾಲಿಗೆ ತಡವರಿಸಿತು. ಅದನ್ನು ಅವರು ನೋಡಿದರು. ಎರಡೂ ಕೈಯಿಂದ ಕಿಟಕಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಗಲೇ ನನಗೆ ಗೊತ್ತಾಗಬೇಕಿತ್ತು.

'ಐ ಆಮ್ ಫೆಡ್ ಅಪ್ ವಿತ್ ಯು, ಇಂದೂ!' ಎಂದು ಅವರು ಕೂಗಿದರು.

ನನ್ನ ಮನೆ ಒಮ್ಮೆ ಜಗ್ಗಿತು. ಡಬ್ಬಿಗಳೆಲ್ಲ ದಡದಡ ಉರುಳಿದವು. ಟೀಚರು ಹೇಳಿದ ಹಾಗೇ ಮನೆ ನೆಟ್ಟಗೆ ಹೋಗದೆ ಒಂದು ಕಡೆ ಸೊಟ್ಟಗೆ ನುಗ್ಗಿ ಅಕ್ಕನ ಮನೆಯ ಬೆನ್ನಿಗೆ ಢಬ್ಬೆಂದು ಹೊಡೆದು ನಿಂತಿತು. ನಾನು ಎದ್ದು ನೋಡಿದರೆ ಕಿಟಕಿಯಲ್ಲಿ ಅಕ್ಕನಿಲ್ಲ. ಅವರ ಮನೆಯ ಸುಣ್ಣ ಹಚ್ಚಿದ ಗೋಡೆ ಕಿಟಕಿಯ ತುಂಬ ನಿಂತಿತ್ತು. ಅಡುಗೆಮನೆ ಕತ್ತಲಾಯಿತು.

ನನಗೆ ಕೋಪ ಬಂತು. ಎರಡು ವರ್ಷ ಸಪ್ಪೆ ತಿಂದವಳು ನಾನು, ಫೆಡ್ ಅಪ್ ಆಗುವವರು ಇವರೇ? ಬೀದಿ ಬಳಸಿ ಹೋಗಿ ಕೇಳಲೂ ಮನಸ್ಸಾಗಲಿಲ್ಲ. ಕೋಪದ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಒಂದು ಖುಷಿಯೂ ಆಯಿತು. ಇನ್ನು ಕಾವಲಿಗೆ ಯಾರೂ ಇಲ್ಲ. ದೇವರ ಗೂಡಿನ ಹಿಂದೆ ಒಂದು ಪೊಟ್ಟಣ ಉಪ್ಪು ಬಚ್ಚಿಟ್ಟಿದ್ದೆ. ಯಾವಾಗಲೋ ಸಂತೆಯಿಂದ ಅಕ್ಕನ ಕಣ್ಣು ತಪ್ಪಿಸಿ ತಂದದ್ದು. ಅದನ್ನು ತೆಗೆದು ದೀಪ ಹಾಕಿಕೊಂಡು ಒಲೆ ಹಚ್ಚಿದೆ. ಬದನೆಕಾಯಿ ಹುಳಿ ಮಾಡಿದೆ. ಡಾಕ್ಟರನ್ನೂ ಅಕ್ಕನನ್ನೂ ನೆನೆಸಿಕೊಂಡೇ ಉಪ್ಪು ಹಾಕಿದೆ. ಹದವಾಗಿತ್ತು, ನನ್ನ ಕೈಯ ಹದ. ಕುರ್ಚಿಯಲ್ಲಿ ಕೂತು ಅನ್ನಕ್ಕೆ ಕಲಸಿಕೊಂಡು ಬಾಯಿಗಿಟ್ಟೆ.

ಎರಡನೆಯ ತುತ್ತನ್ನು ಬಾಯಿಯ ತನಕ ಎತ್ತಿ ಮತ್ತೆ ತಟ್ಟೆಗೇ ಇಟ್ಟೆ.

ಇದೇನಾಯಿತು ನನಗೆ? ಉಪ್ಪಿದೆ, ಹುಳಿಯಿದೆ, ಖಾರವಿದೆ. ಎರಡು ವರ್ಷ ಬಯಸಿದ್ದು ಎದುರಿಗಿದೆ. ಆದರೂ ಅಸಮಾಧಾನ ಇದ್ದಲ್ಲೇ ಇದೆ. ಇನ್ನೊಂದು ಮಾತೂ ಆಗ ಹೊಳೆಯಿತು. ಆ ಪೊಟ್ಟಣ ತಂದು ಎಷ್ಟೋ ತಿಂಗಳಾಗಿತ್ತು. ಅಕ್ಕ ನೋಡುತ್ತಿದ್ದದ್ದು ಮಧ್ಯಾಹ್ನ ಮಾತ್ರ. ಬೆಳಿಗ್ಗೆ ಅವರು ಕೊಡುವ ಗಂಜಿಗಾದರೂ ಒಂದು ಚಿಟಿಕೆ ಹಾಕಿಕೊಳ್ಳಬಹುದಿತ್ತು. ಪೊಟ್ಟಣ ಒಡೆದೇ ಇರಲಿಲ್ಲ. ಹಾಗಾದರೆ ಇಷ್ಟು ದಿನ ನಾನು ಗೊಣಗಿದ್ದು ಯಾತಕ್ಕೆ? ಸಿಟ್ಟು ಬಂದು ತಟ್ಟೆಯನ್ನು ದೂರ ತಳ್ಳಿದೆ.

ಬೆಳಿಗ್ಗೆ ಗೋಡೆಯ ಆಚೆಯಿಂದ ಯಾರೋ ತಟ್ಟಿದ ಸದ್ದು ಕೇಳಿತು. ನಾನೂ ತಟ್ಟಿದೆ. ಕಿಟಕಿಯ ಮೂಲೆಯಲ್ಲಿ ಗೋಡೆಗಳ ನಡುವೆ ಒಂದು ಬಿರುಕಿನಷ್ಟು ಜಾಗವಿತ್ತು. ಅಲ್ಲಿಗೆ ಕಿವಿ ಕೊಟ್ಟೆ.

'ಇಂದೂ, ನಿನ್ನೆ ಉಂಡ್ಯಾ?'

'ಉಂಡೆ.'

'ಉಪ್ಪು ಹಾಕ್ಕೊಂಡ್ಯಾ?'

ಗೋಡೆ ಅಡ್ಡವಿದ್ದರೂ ನಾನು ಉಪ್ಪಿನ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿದೆ.

'ಹಾಕ್ಕೊಂಡಿರ್ತೀಯ, ಗೊತ್ತು. ನಂಗೆ ಹೆದರಿಕೆ ಆಯ್ತು ಕಣೆ. ನೀನು ಕೋಟು ಪದ ಹಾಕಿ ಪುರಸಭೆಯಿಂದ ಆಚೆಗೆ ನನ್ನ ಅಟ್ಟಿಬಿಟ್ರೆ? ಈ ಮೊಣಕಾಲು ಇಟ್ಕೊಂಡು ಅಲ್ಲಿಂದ ನಿಂಗೆ ಊಟ ಹೆಂಗೆ ತರೋದು? ಅದಕ್ಕೇ ಮೊದ್ಲು ನಾನೇ ಎಳ್ಕೊಂಡೆ. ಜಾಸ್ತಿ ಎಳ್ದುಬಿಟ್ಟೆ.' ಅವರು ಮೂಗು ಒರೆಸಿಕೊಂಡ ಸದ್ದು ಕೇಳಿತು. 'ಇಲ್ಲಿ ಕತ್ತಲು. ಹೊಗೆ ಹೋಗಲ್ಲ. ನೀನು ಕಾಣಲ್ಲ. ಈಗ ನೀನೇ ನನ್ನ ಒಂದಿಷ್ಟು ಹಿಂದಕ್ಕೆ ತಳ್ಳೇ. ಒಂದಿಷ್ಟು ಮಾತ್ರ.'

ಇದೊಳ್ಳೆಯ ಪೇಚಾಟ! ನಿನ್ನೆ ಕೋಟಿಗೆ ಹೆದರಿದವರು ಇಂದು ತಾವಾಗಿ ಕೋಟು ಕೇಳುತ್ತಿದ್ದಾರೆ. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಬಿರುಕಿಗೆ ಬಾಯಿಟ್ಟು, 'ಐ ರಿಗ್ರೆಟ್ ಟು ಸೇ ದಟ್ ದೇರ್ ಈಸ್ ನೋ ಸಾಲ್ಟ್' ಅಂದೆ.

'ಏನಾದ್ರೂ ಅಲ್ಲಾಡ್ತಾ?' ಎಂದರು ಆಚೆಯಿಂದ.

'ಇಲ್ಲ. ಅಲ್ಲಿ?'

'ಒಂದು ಚಮಚಾನೂ ಅಲ್ಲಾಡ್ಲಿಲ್ಲ. ಜೋರಾಗಿ ಹೇಳು.'

ಹೆದರುತ್ತಲೇ, 'ಐ ಆಮ್ ಡಿಸ್‌ಸ್ಯಾಟಿಸ್‌ಫೈಡ್ ವಿತ್ ದಿ ಸಾಲ್ಟ್' ಅಂದೆ. ಟೈ ಸಮೇತ ಕೋಟು. ಕಣ್ಣು ಮುಚ್ಚಿಕೊಂಡು ಕಾದೆ. ಏನೂ ಆಗಲಿಲ್ಲ. ಡಿಸ್‌ಪ್ಲೀಸ್ಡ್ ಅಂದೆ, ಅದಕ್ಕೆ ಎಕ್ಸ್‌ಟ್ರೀಮ್‌ಲಿ ಸೇರಿಸಿದೆ. ಪುರಸಭೆಯನ್ನು ಊರಾಚೆ ಹಾಕಿದ ಪದಗಳೆಲ್ಲ ನನ್ನ ಅಡುಗೆಮನೆಯ ಗೋಡೆಗೆ ಬಡಿದು ಬಿದ್ದವು.

'ನಿಂಗೆ ಉಪ್ಪಿನ ಮೇಲೆ ಅಸಮಾಧಾನವೇ ಇಲ್ಲ ಬಿಡು' ಅಂದರು ಅಕ್ಕ. 'ಮತ್ತೆ ಯಾತರ ಮೇಲೆ?'

'ನಂಗೇನು ಗೊತ್ತು!' ಎಂದು ರೇಗಿದೆ. ರೇಗಿದ ಮೇಲೆ ಮಾತು ತಾನಾಗಿ ಹೊರಗೆ ಬರತೊಡಗಿತು. 'ಹಲಗೆ ಯಾಕೆ ತೆಗೆಸಿದ್ರಿ ನೀವು? ನಮ್ಮೋರು ಸತ್ತ ದಿನದಿಂದ ನನಗೆ ಓರಗಿತ್ತಿಯೂ ಇಲ್ಲ. ಒಬ್ಬ ನರ್ಸು ಇದ್ದಾಳೆ. ತಟ್ಟೆ ಕೊಡ್ತಾಳೆ, ನಿಂತು ನೋಡ್ತಾಳೆ, ತಟ್ಟೆ ಇಸ್ಕೊಂಡು ಹೋಗ್ತಾಳೆ. ನೀವು ನಂಜೊತೆ ಕೂತು ಒಂದು ತುತ್ತು ಉಂಡು ಎರಡು ವರ್ಷ ಆಯ್ತು ಅಕ್ಕಾ. ನಾನೇನು ಆಸ್ಪತ್ರೇಲಿದೀನಾ?' ಎನ್ನುವಷ್ಟರಲ್ಲಿ ಅಳು ಬಂತು. ಗಂಡ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಕನ್ನಡದಲ್ಲಿ ಹೇಳಿದ್ದು, ಮನೆ ಅಲುಗಲಿಲ್ಲ. ಇವರು ಇನ್ನೇನು 'ಬಯ್ಯೋಕೆ ಶಕ್ತಿ ಬಂತು, ಚೆನ್ನಾಗಿದ್ದೀಯ' ಅನ್ನುತ್ತಾರೆ ಎಂದು ನನಗೆ ದಿಗಿಲಾಯಿತು. ಇದೊಂದನ್ನು ಹಾಗೆ ಅನ್ನಬಾರದು. ಇದೊಂದು ನಿಜವೆಂದು ಅವರಿಗೆ ತಿಳಿಯಬೇಕು. ಆದರೆ ಪದ? ಇಷ್ಟು ನಿಜವಾದದ್ದಕ್ಕೆ ಕೋಟು ತೊಡಿಸಿದರೆ ಅಕ್ಕ ಎಲ್ಲಿ ಹೋಗಿ ಬೀಳುತ್ತಾರೋ. ಲುಂಗಿ ಉಡಿಸಿದರೆ ಈಗಾಗಲೇ ತಾಗಿರುವ ಗೋಡೆಗಳು ಒಡೆದೇ ಹೋದಾವು. ಉಳಿದದ್ದು ಒಂದೇ, ಟೀಚರು ಯಾರಿಗೂ ಕೊಡದೆ ಇಟ್ಟುಕೊಂಡದ್ದು. ಅದು ಕೋಟೋ ಲುಂಗಿಯೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಗೋಡೆಗೆ ಹಣೆಯಿಟ್ಟೆ.

'ಅಕ್ಕಾ, ಐ ಆಮ್ ಡಿಸಪಾಯಿಂಟೆಡ್. ಯು ಡೋಂಟ್ ಈಟ್ ವಿತ್ ಮಿ.'

ಹಣೆಗೆ ತಾಗಿದ್ದ ಗೋಡೆ ನಿಧಾನವಾಗಿ ಹಿಡಿ ಸಡಿಲಿಸಿದಂತೆ ಹಿಂದೆ ಸರಿಯಿತು. ಸದ್ದಿಲ್ಲ, ಜಗ್ಗಾಟವಿಲ್ಲ. ಮೊದಲು ಒಂದು ಗೆರೆ ಬೆಳಕು ಬಂತು, ಆಮೇಲೆ ಇಡೀ ಕಿಟಕಿ ಬೆಳಗಿತು. ಅಕ್ಕನ ಮನೆ ಹಿಂದೆ ಹೋಗುತ್ತಿತ್ತು. ನಿಲ್ಲು, ಸಾಕು, ನಿಲ್ಲು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಡುವಿನ ಸಂದು ಮೊದಲಿನಷ್ಟಾಯಿತು, ಆದರೂ ಮನೆ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೋಗಿ ನಿಂತಿತು. ಕಿಟಕಿಯಲ್ಲಿ ಅಕ್ಕ ಕಂಡರು. ಕಣ್ಣು ಕೆಂಪಾಗಿತ್ತು, ಕೆನ್ನೆಗೆ ಮಸಿ ಹತ್ತಿತ್ತು.

ಅವರು ಒಳಗಿನಿಂದ ತಟ್ಟೆ ತಂದು ಕೈ ಚಾಚಿದರು. ನಾನೂ ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಗ್ಗಿ ಚಾಚಿದೆ. ನನ್ನ ಬೆರಳಿಗೂ ತಟ್ಟೆಯ ಅಂಚಿಗೂ ನಡುವೆ ಒಂದು ಗೇಣು ಉಳಿಯಿತು. ಹಳೆಯ ಹಲಗೆ ಹಾಕಿದರೂ ಸಾಲದು.

'ಎಟುಕಲ್ಲ ಕಣೆ' ಎಂದು ಹೇಳಿ ಅಕ್ಕ ಕೈ ಒಳಗೆ ಎಳೆದುಕೊಂಡು ಕಿಟಕಿಯಿಂದ ಮರೆಯಾದರು.

ನಾನು ಅಲ್ಲೇ ಕೂತೆ. ಪದ ತಪ್ಪಾಯಿತೇ? ಆ ಪದ ಕೋಟೇ ಆಗಿತ್ತೇನೋ. ಕೋಪ ಮಾಡಿಕೊಂಡು ಹೋದರೋ, ಬೇಸರವಾಗಿ ಹೋದರೋ? ಕೂಗಿದೆ, ಉತ್ತರ ಬರಲಿಲ್ಲ. ಒಲೆಯ ಮೇಲೆ ನಿನ್ನೆಯ ಹುಳಿ ಹಾಗೇ ಇತ್ತು. ಒಂದು ಗೇಣು ಜಾಗಕ್ಕಾಗಿ ಎಲ್ಲವನ್ನೂ ಕಳೆದುಕೊಂಡೆನಲ್ಲ ಎಂದುಕೊಂಡೆ.

ಬಹಳ ಹೊತ್ತಾದ ಮೇಲೆ ಬೀದಿಯ ಕಡೆ ಬಾಗಿಲು ತಟ್ಟಿದ ಸದ್ದಾಯಿತು. ನನ್ನ ಬೀದಿ ಬಾಗಿಲು ತಟ್ಟುವವರು ಉಪ್ಪಿನಕಾಯಿಗೆ ಬರುವವರು ಮಾತ್ರ. ಅದೂ ನಿಂತುಹೋಗಿತ್ತು. ಕಣ್ಣೊರೆಸಿಕೊಂಡು ಹೋಗಿ ತೆಗೆದೆ.

ಸುಭದ್ರಕ್ಕ ನಿಂತಿದ್ದರು. ಬೆವರಿನಲ್ಲಿ ತೊಯ್ದುಹೋಗಿದ್ದರು. ಕಂಕುಳಲ್ಲಿ ಹಳೆಯ ಅಗಲದ ಬೋಗುಣಿ, ಅದರ ಮೇಲೆ ಮುಚ್ಚಿದ ಬಾಳೆಯೆಲೆ. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಎರಡು ಬೀದಿ ಬಳಸಿ, ದಾರಿಯಲ್ಲಿ ಖಾದರನ ಅಂಗಡಿಯಲ್ಲಿ ನನ್ನ ಮನೆ ಯಾವುದೆಂದು ಕೇಳಿಕೊಂಡು ಬಂದಿದ್ದರು. ನನ್ನ ಮನೆಯ ಮುಂಬಾಗಿಲು ಯಾವ ಬಣ್ಣದ್ದೆಂದು ಅವರಿಗೆ ಮರೆತೇ ಹೋಗಿತ್ತು.

ಅವರು ಸೀದಾ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕಾಲು ಚಾಚಿ ಕೂತರು. ಬೋಗುಣಿಯನ್ನು ನಡುವೆ ಇಟ್ಟರು. ನಾನೂ ಎದುರು ಕೂತೆ. ಸಾರು ಅನ್ನ ಕಲಸಿ ತಂದಿದ್ದರು. ಇಬ್ಬರೂ ಕೈ ಹಾಕಿದೆವು. ಅವರು ಮೊದಲ ತುತ್ತು ಬಾಯಿಗಿಟ್ಟು ಅಗಿಯತೊಡಗಿದರು. ಅಗಿಯುವುದು ನಿಂತಿತು. ನನ್ನನ್ನು ನೋಡಿದರು.

'ಥೂ! ಇದೇನೇ ಇದು?'

'ಯಾಕೆ ಅಕ್ಕಾ?'

'ನಿಂದು ತೆಗೆದಿಟ್ಟು ಆಮೇಲೆ ನನ್ನ ಪಾಲಿಗೆ ಉಪ್ಪು ಹಾಕ್ಕೋತಿದ್ದೆ. ಇದನ್ನ ಯಾವತ್ತೂ ಬಾಯಿಗಿಟ್ಟೇ ಇರ್ಲಿಲ್ಲ. ಇದನ್ನ ನೀನು ಎರಡು ವರ್ಷ ತಿಂದ್ಯಾ?'

'ದಿನಾ ಹೇಳ್ತಿದ್ನಲ್ಲ ಅಕ್ಕಾ.'

'ಹೇಳ್ತಿದ್ದೆ' ಎಂದು ಅವರು ತಲೆ ತಗ್ಗಿಸಿದರು. ಬಾಯಲ್ಲಿದ್ದ ತುತ್ತನ್ನು ಕಷ್ಟಪಟ್ಟು ನುಂಗಿದರು. ಆಮೇಲೆ ಕೈ ಚಾಚಿದರು. 'ಎಲ್ಲಿಟ್ಟಿದ್ದೀಯ? ಕೊಡು. ಬಚ್ಚಿಟ್ಟಿರ್ತೀಯ, ನಂಗೊತ್ತು.'

ಪೊಟ್ಟಣ ತಂದುಕೊಟ್ಟೆ. ಅವರು ಎರಡು ಬೆರಳಲ್ಲಿ ಒಂದೇ ಒಂದು ಚಿಟಿಕೆ ತೆಗೆದು, ಅದರಲ್ಲೂ ಅರ್ಧ ಉದುರಿಸಿ, ಮಿಕ್ಕದ್ದನ್ನು ಬೋಗುಣಿಗೆ ಹಾಕಿ ಕಲಸಿದರು. ಅರ್ಧ ಚಿಟಿಕೆಗೆ ಏನು ರುಚಿ ಬರುತ್ತದೆ? ಆದರೂ ಇಬ್ಬರೂ ಬೋಗುಣಿಯ ತಳ ಕಾಣುವವರೆಗೆ ಉಂಡೆವು.

ಕೈ ತೊಳೆದ ಮೇಲೆ ಅಕ್ಕ ಗೋಡೆಗೆ ಒರಗಿಕೊಂಡು ಮೊಣಕಾಲು ನೀವಿಕೊಳ್ಳತೊಡಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ದೂರ ನಡೆಸಿದೆನಲ್ಲ, ಏನನ್ನುತ್ತಾರೋ ಎಂದು ಅಳುಕಾಗಿತ್ತು. ಎಲ್ಲಾ ಚೆನ್ನಾಗಿದೆ ಎಂದು ನಯವಾಗಿ ಅಂದುಬಿಟ್ಟರೆ ಏನು ಗತಿ?

'ಏನೇ ಇದು ನಿನ್ನ ಬೀದಿ?' ಅಂದರು ಅಕ್ಕ. 'ಬರೀ ಕಲ್ಲು, ಬರೀ ಗುಂಡಿ. ನಿನ್ನ ಹೊಸಿಲು ನೋಡಿದ್ರೆ ನನ್ನ ಸೊಂಟದ ಎತ್ತರ ಇದೆ. ನನ್ನ ಮೊಣಕಾಲು ಸತ್ತೇಹೋಯ್ತು. ನಾಳೆಯಿಂದ ನಿಂಗೆ ಊಟ ಹೊತ್ಕೊಂಡು ಬರೋಕೆ ನನ್ ಕೈಲಾಗಲ್ಲ, ನೀನೇ ಬಂದು ಸಾಯಿ ಅಲ್ಲಿಗೆ.'

ನನಗೆ ಜೀವ ಬಂದಂತಾಯಿತು. ಅಕ್ಕ ಚೆನ್ನಾಗಿದ್ದರು.